ನಕ್ಷೆಯಲ್ಲಿ ನಾವು ಎಲ್ಲಿ?

(ಚಳ್ಳಕೆರೆ, ಮೊಳಕಾಲ್ಮೂರು ಸಂಗಾತಿಗಳ ಮುಂದೆ ಆಡಿದ ಮಾತು)



ಊರ ನಡುವಿನ ಮಾರುಕಟ್ಟೆ ಕೆಡವಿ ಹೊಸದು ಕಟ್ತೀವಿ ಅಂತ ಯಾರಾದರೂ ನಕ್ಷೆ ಹಿಡ್ಕಂಡು ಬಂದರೆ ನಾವು ಮೊದಲು ಕೇಳಬೇಕಾದ್ದು ಒಂದೇ: ಗೋಣಿ ಹಾಸಿ ನೆಲದ ಮೇಲೆ ಕುಂತೋರು ಇದರಲ್ಲಿ ಎಲ್ಲಿದ್ದಾರೆ?

ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟಿನಲ್ಲಿ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಹೈಕೋರ್ಟು ಹತ್ತಿತು. ಮಳಿಗೆಯವರ ಕೈಲಿ ಬಾಡಿಗೆ ಚೀಟಿ ಇರುತ್ತೆ. ಸೊಪ್ಪಿನ ಪುಟ್ಟಿಯವಳ ಕೈಲಿ ಏನಿರುತ್ತೆ?

ಚಳ್ಳಕೆರೆಯನ್ನು ಎಣ್ಣೆ ನಗರ ಅಂತಾರೆ. ಮೊಳಕಾಲ್ಮೂರಿಗೆ ರೇಷ್ಮೆ ಸೀರೆಯ ಹೆಸರು. ಶೇಂಗಾ ಸುಲಿದ, ಮೂಟೆ ಹೊತ್ತ ಕೈಗಳಿಗೆ ಯಾವ ಹೆಸರೂ ಇಲ್ಲ. ನಾಳೆ ಹೊಸ ಮಳಿಗೆ ಹರಾಜಾದರೆ ಮುಂಗಡ ಕಟ್ಟೋರು ನಾವಂತೂ ಅಲ್ಲ.

ಆದರೆ ಕಾನೂನಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡೋ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನದ ನೋಟೀಸು ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಪರಿಶಿಷ್ಟರಿಗೂ ಸ್ಥಾನವಿದೆ.

ಹಾಗಾಗಿ ನಾವು ಹೇಳೋದು: ಮೊದಲು ಸಮೀಕ್ಷೆ, ಆಮೇಲೆ ಬುಲ್ಡೋಜರು. ನೆಲ ಅಂತಸ್ತು ನೆಲದವರಿಗೇ ಇರಲಿ. ಒಂದು ಕಟ್ಟು ಸೊಪ್ಪಿಗೆ ಯಾರು ಮಹಡಿ ಹತ್ತುತಾರೆ? ಕುಡಿಯೋ ನೀರು, ಹೆಂಗಸರ ಪಾಯಿಖಾನೆ ನಕ್ಷೆಯಲ್ಲೇ ಬರಲಿ.

ಬಾಬಾಸಾಹೇಬರು 1927ರಲ್ಲಿ ಮಹಾಡಿನ ಚವದಾರ್ ಕೆರೆಗೆ ಇಳಿದದ್ದು ಸಾರ್ವಜನಿಕ ನೀರು ನಮ್ಮದೂ ಹೌದು ಅಂತ ಸಾರೋಕೆ. ಸಾರ್ವಜನಿಕ ನೆಲವೂ ಹಂಗೇ.

ಗೆರೆ ಎಳೆಯೋ ದಿನವೇ ನಾವು ಅಲ್ಲಿರಬೇಕು. ಅಡಿಗಲ್ಲು ಬಿದ್ದ ಮೇಲೆ ಕೂಗಿದರೆ ಕೇಳೋರಿಲ್ಲ.

ಜೈ ಭೀಮ್.