ಕೊಟ್ಟ ಮಾತು, ಅಳೆದ ವೇಗ

(ಹೆತ್ತವರ ಮತ್ತು ಅಧ್ಯಾಪಕರ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳಿಗೂ ಅವರ ಮನೆಯವರಿಗೂ ಉಪಯೋಗವಾಗುವ ವಿಷಯವೊಂದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ನಾವು ವಿದ್ವಾಂಸರಲ್ಲ, ಕಾನೂನು ಓದಿದವರೂ ಅಲ್ಲ. ಅಡಕೆ ತೋಟದ ಬದಿಯ ಮನೆಯಲ್ಲಿ ಕುಳಿತು ಕಳೆದ ವರ್ಷ ಒಂದು ಸಣ್ಣ ವ್ಯಾಜ್ಯವನ್ನು ನಡೆಸಿದವರು, ಅಷ್ಟೆ. ಮನೆಗೆ ಹಾಕಿಸಿಕೊಂಡ ಬ್ರಾಡ್‌ಬ್ಯಾಂಡ್ ಸಂಪರ್ಕವು ಹೇಳಿದ ವೇಗವನ್ನು ಕೊಡದೆ ಹೋದಾಗ, ಕರಾರಿನ ಅವಧಿ ಮುಗಿಯುವ ಮೊದಲೇ ಅದನ್ನು ನ್ಯಾಯವಾಗಿ ಬಿಡುವುದು ಹೇಗೆ ಎಂಬುದೇ ಆ ವ್ಯಾಜ್ಯ. ವಿಷಯ ಸಣ್ಣದೆಂದು ತೋರಿದರೂ ಅದರಿಂದ ನಾವು ಕಲಿತ ಪಾಠ ಸಣ್ಣದಲ್ಲವೆಂದು ನಂಬಿ ನಿಮ್ಮ ಮುಂದಿಡುತ್ತಿದ್ದೇವೆ.

ನಮ್ಮ ದೇಶದ ಸಾರ್ವಜನಿಕರಿಗೆ ಅಂತರ್ಜಾಲವು ದೊರೆತದ್ದು 1995ನೆಯ ಆಗಸ್ಟ್ 15ರಂದು. ಕಾಲು ಶತಮಾನ ಕಳೆಯುವಷ್ಟರಲ್ಲಿ ಅದು ಮನೆಯ ಬಾವಿಯಷ್ಟೇ ಅಗತ್ಯವಾಯಿತು. 2020ನೆಯ ಜೂನ್ 1ರಂದು, ಶಾಲೆಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಕೇರಳದ ಮಕ್ಕಳಿಗೆ ಪಾಠಗಳು ಮನೆಗೇ ಬರತೊಡಗಿದುದನ್ನು ನೀವೆಲ್ಲರೂ ಬಲ್ಲಿರಿ. ಅದಕ್ಕೂ ಮುನ್ನ, 2019ನೆಯ ಸೆಪ್ಟೆಂಬರ್ ತಿಂಗಳಲ್ಲಿ, ಹಾಸ್ಟೆಲಿನ ಮೊಬೈಲ್ ನಿರ್ಬಂಧವನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ ಕೇರಳದ ಉಚ್ಚ ನ್ಯಾಯಾಲಯವು, ಅಂತರ್ಜಾಲವನ್ನು ಬಳಸುವ ಹಕ್ಕು ವಿದ್ಯಾಭ್ಯಾಸದ ಹಕ್ಕಿನ ಅಂಗವೆಂದು ತೀರ್ಪಿತ್ತಿತ್ತು. 1956ನೆಯ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ಕಾಸರಗೋಡಿನ ಕನ್ನಡ ಮಕ್ಕಳ ಪಾಲಿಗೆ ಇದರ ಬೆಲೆ ಇನ್ನೂ ಒಂದು ಪಟ್ಟು ಹೆಚ್ಚು. ನಮ್ಮ ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಸಂಜೆ ಏಳೂವರೆಗೆ ಕನ್ನಡದಲ್ಲಿಯೇ ಗಣಿತವನ್ನು ಹೇಳಿಕೊಡುವ ಉಪಾಧ್ಯಾಯರು ನಮ್ಮ ಊರಿನಲ್ಲಿ ಯಾರೂ ಇರಲಿಲ್ಲ. ಇದ್ದವರು ದೂರದಲ್ಲಿದ್ದರು, ಅವರ ಪಾಠ ತಂತಿಯ ಮೂಲಕ ಬರಬೇಕಾಗಿತ್ತು.

ಆದಕಾರಣ ನಾವು ಒಂದು ಕಂಪೆನಿಯಿಂದ ಸಂಪರ್ಕವನ್ನು ಪಡೆದೆವು. ತಿಂಗಳಿಗೆ 700 ರೂಪಾಯಿಯಂತೆ ಹನ್ನೆರಡು ತಿಂಗಳ ಹಣ 8,400 ರೂಪಾಯಿಗಳನ್ನು ಒಮ್ಮೆಗೇ ತೆತ್ತೆವು. ಸೆಕೆಂಡಿಗೆ 50 ಮೆಗಾಬಿಟ್ ವೇಗವೆಂದು ಅವರು ಹೇಳಿದರು. ಹಿಂದೆ ಗೇಣಿ ಚೀಟಿನ ಕಾಲದಲ್ಲಿ ಅಕ್ಷರ ಬಾರದ ಒಕ್ಕಲಿಗನು ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುತ್ತಿದ್ದನಷ್ಟೆ? ಅಕ್ಷರ ಬಲ್ಲ ನಾವೂ ಮೊಬೈಲಿನ ಗಾಜಿನ ಮೇಲೆ 'ಒಪ್ಪಿದೆ' ಎಂಬ ಕಡೆ ಅದೇ ಹೆಬ್ಬೆಟ್ಟನ್ನು ಒತ್ತಿದೆವು! 50 ಮೆಗಾಬಿಟ್ ಎಂಬುದರ ಮುಂದೆ 'ವರೆಗೆ' ಎಂಬ ಮೂರಕ್ಷರವಿದ್ದುದನ್ನೂ, ಅವಧಿಗೆ ಮುನ್ನ ಬಿಟ್ಟರೆ ಉಳಿದ ಹಣ ಬಾರದೆಂದೂ, ಮನ್ನಾ ಮಾಡಿದ್ದ ಜೋಡಣೆಯ ವೆಚ್ಚ 1,000 ರೂಪಾಯಿಗಳನ್ನು ಮತ್ತೆ ತೆರಬೇಕೆಂದೂ ಇದ್ದುದನ್ನು ಓದಿದ್ದು ಬಹಳ ತಡವಾಗಿ.

ಎರಡನೆಯ ತಿಂಗಳಿನಿಂದ ಸಂಜೆಯ ಪಾಠ ಕಡಿದುಹೋಗತೊಡಗಿತು. ಉಪಾಧ್ಯಾಯರ ಮುಖ ಚಿತ್ರದಂತೆ ನಿಂತುಬಿಡುವುದು. ಮತ್ತೆ ಮಾತು ಬರುವ ಹೊತ್ತಿಗೆ ಲೆಕ್ಕ ಮುಗಿದು ಇನ್ನೊಂದು ಲೆಕ್ಕ ಆರಂಭವಾಗಿರುವುದು. ಮಗಳು ಟಾರ್ಚು ಹಿಡಿದು ತೋಟದ ಆಚೆಯ ನೆಂಟರ ಮನೆಗೆ ಹೋಗಿ ಪಾಠ ಕೇಳಿ ಬರುತ್ತಿದ್ದಳು. ಮಳೆಗಾಲದ ಆ ರಾತ್ರಿಗಳಲ್ಲಿ ಅವಳು ಹಿಂದಿರುಗುವ ತನಕ ನಾವು ಜಗಲಿಯಲ್ಲಿ ಕುಳಿತಿರುತ್ತಿದ್ದೆವು.

ಕೋಪದಲ್ಲಿ ಕಂಪೆನಿಗೆ ಫೋನು ಮಾಡಿ ಬಿರುಸಾಗಿ ಮಾತನಾಡಿದೆವು. ಅವರ ಕೆಲಸದವನೊಬ್ಬನು ಬಂದು ನೋಡಿ, ನಮ್ಮ ರೌಟರು ಉಗ್ರಾಣದ ಉಕ್ಕಿನ ಕಪಾಟಿನ ಹಿಂದೆ ಇರುವುದನ್ನು ತೋರಿಸಿದನು. ಮುರಕಲ್ಲಿನ ದಪ್ಪ ಗೋಡೆಗಳೆರಡನ್ನು ದಾಟಿ ವೈ-ಫೈ ಅಲೆಗಳು ಓದುವ ಕೋಣೆಗೆ ಬರಬೇಕಾಗಿತ್ತು. ಕುಣಿಯಲಾರದವರು ನೆಲ ಡೊಂಕೆಂದಂತೆ ಅರ್ಧ ತಪ್ಪು ನಮ್ಮದಾಗಿಯೇ ಇತ್ತು! ನಾಚಿಕೆಯಿಂದ ರೌಟರನ್ನು ನಡುಮನೆಗೆ ತಂದಿರಿಸಿದೆವು. ಹಗಲಿನಲ್ಲಿ ವೇಗ ಸರಿಹೋಯಿತು, ಸಂಜೆಯದು ಸರಿಹೋಗಲಿಲ್ಲ. ದೂರು ಕೊಡುವವನು ಮೊದಲು ತನ್ನ ಮನೆಯನ್ನು ಶೋಧಿಸಬೇಕೆಂಬುದು ಮೊದಲನೆಯ ಪಾಠ.

ಎರಡನೆಯ ಪಾಠ ಅಳೆಯುವುದು. ವಿದ್ಯಾರ್ಥಿಗಳೇ, ಇದನ್ನು ಗಮನವಿಟ್ಟು ಕೇಳಿರಿ. ಎಂಟು ಬಿಟ್ಟುಗಳು ಸೇರಿ ಒಂದು ಬೈಟು. ವೇಗವನ್ನು ಬಿಟ್ಟುಗಳಲ್ಲಿ ಮಾರುತ್ತಾರೆ, ಕಡತದ ಗಾತ್ರವನ್ನು ಬೈಟುಗಳಲ್ಲಿ ಹೇಳುತ್ತಾರೆ. 300 ಮೆಗಾಬೈಟಿನ ಒಂದು ಪಾಠವೆಂದರೆ 2,400 ಮೆಗಾಬಿಟ್. 50ರ ವೇಗದಲ್ಲಿ ಅದು 48 ಸೆಕೆಂಡಿನಲ್ಲಿ ಇಳಿಯಬೇಕು. 3ರ ವೇಗದಲ್ಲಿ 800 ಸೆಕೆಂಡು, ಅಂದರೆ ಹದಿಮೂರು ನಿಮಿಷಕ್ಕೂ ಹೆಚ್ಚು. ನಮ್ಮ ಮಗಳು ಹಳೆಯ ನೋಟುಪುಸ್ತಕವೊಂದರಲ್ಲಿ ಗೆರೆ ಎಳೆದು, ಕಂಪ್ಯೂಟರನ್ನು ತಂತಿಯಿಂದ ನೇರವಾಗಿ ರೌಟರಿಗೆ ಜೋಡಿಸಿ, ಮನೆಯ ಬೇರೆ ಮೊಬೈಲುಗಳನ್ನೆಲ್ಲ ಬಿಡಿಸಿ, ದಿನಕ್ಕೆ ಮೂರು ಸಲ ವೇಗವನ್ನು ಅಳೆದು ಬರೆದಳು. ಹದಿನಾಲ್ಕು ದಿನ ಹೀಗೆ ನಡೆಯಿತು. ಬೆಳಗ್ಗೆ ನಲವತ್ತಕ್ಕೆ ಮೇಲೆ, ಮಧ್ಯಾಹ್ನ ಮೂವತ್ತರ ಆಸುಪಾಸು, ಸಂಜೆ ಏಳರಿಂದ ಹತ್ತರವರೆಗೆ ಎರಡರಿಂದ ನಾಲ್ಕು!

ಕಾರಣವು ನಮ್ಮ ಜಿಲ್ಲೆಯವರಿಗೆ ಸುಲಭವಾಗಿ ತಿಳಿಯುವಂಥದು. ಗುಡ್ಡದ ಸುರಂಗದಿಂದ ಬರುವ ಒಂದೇ ನೀರಿನ ಕೊಳವೆಯನ್ನು ಹತ್ತು ಮನೆಯವರು ಹಂಚಿಕೊಂಡರೆ ಬೇರೆ ಬೇರೆ ಹೊತ್ತಿನಲ್ಲಿ ಎಲ್ಲರಿಗೂ ಧಾರೆ ಸಿಗುತ್ತದೆ. ಒಂದೇ ಹೊತ್ತಿನಲ್ಲಿ ನಲ್ಲಿ ತಿರುಗಿಸಿದರೆ ಹನಿ ಸಿಗುತ್ತದೆ. ಹಂಚಿಕೊಳ್ಳುವುದು ತಪ್ಪಲ್ಲ. ಕೊಳವೆಯನ್ನು ಹಿಗ್ಗಿಸದೆ ಹತ್ತರ ಬದಲು ನೂರು ಮನೆಗಳಿಗೆ ಮಾರುವುದು ತಪ್ಪು.

ಫೋನಿನಲ್ಲಿದ್ದ ಅಧಿಕಾರಿಯು ಜಾಣತನದ ಮಾತೊಂದನ್ನಾಡಿದನು. 2023ನೆಯ ಜನವರಿಯ ಸರಕಾರಿ ಪ್ರಕಟಣೆಯಂತೆ ಸೆಕೆಂಡಿಗೆ 2 ಮೆಗಾಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡೇ. ನಿಮಗೆ ಅದು ಸಿಗುತ್ತಿದೆಯಲ್ಲ ಎಂದನು. ಪ್ರಕಟಣೆಯ ಮಾತು ನಿಜ. ಆದರೆ ಅದು ಹೇಳುವುದು ಹೆಸರಿನ ಕನಿಷ್ಠ ಅಳತೆಯನ್ನು. ಕರಾರು ಹೇಳುವುದು ಹಣ ಕೊಟ್ಟ ಅಳತೆಯನ್ನು. ಪಾವು ಹಾಲೂ ಹಾಲೇ ಹೌದು. ಸೇರು ಹಾಲಿಗೆ ಹಣ ತೆತ್ತವನಿಗೆ ಪಾವು ಅಳೆದು, ಇದೂ ಹಾಲಲ್ಲವೇ ಎಂದರೆ ಒಪ್ಪಬಹುದೇ?

ಮೂರನೆಯ ಪಾಠ ಬರೆಯುವುದು. ಬಾಯಿಮಾತಿನ ಕೋಪ ಗಾಳಿಗೆ ಹೋಗುತ್ತದೆ. ತಾರೀಖು ಹಾಕಿದ ಕಾಗದ ಉಳಿಯುತ್ತದೆ. 1997ರಲ್ಲಿ ಸ್ಥಾಪನೆಯಾದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2012ರಲ್ಲಿ ದೂರುಗಳಿಗಾಗಿ ನಿಯಮಾವಳಿಯನ್ನು ಹೊರಡಿಸಿತು. ಅದರಂತೆ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆಯೊಂದನ್ನು ಕೊಡಬೇಕು. ಪರಿಹಾರ ಸಮಾಧಾನ ತರದಿದ್ದರೆ 30 ದಿನಗಳೊಳಗೆ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಅಪೀಲು ಮಾಡಬಹುದು. ಅವರು 39 ದಿನಗಳೊಳಗೆ ತೀರ್ಮಾನಿಸಬೇಕು. ನಮ್ಮ ಮೊದಲ ದೂರನ್ನು, ಬೆಳಗ್ಗೆ ಬಂದು ವೇಗ ನೋಡಿ, ಸರಿಯಾಗಿದೆ ಎಂದು ಮುಚ್ಚಿಬಿಟ್ಟರು. ಆಗ ಮಗಳ ನೋಟುಪುಸ್ತಕದ ಪುಟಗಳ ಚಿತ್ರ ತೆಗೆದು, ಡಾಕೆಟ್ ಸಂಖ್ಯೆಯನ್ನು ನಮೂದಿಸಿ, ಅಪೀಲು ಬರೆದೆವು. ಮೊದಲು ಅವಳೇ ಕನ್ನಡದಲ್ಲಿ ಒಂದು ಪುಟದ ಕರಡು ಮಾಡಿದಳು: ಏನು ಹೇಳಿದಿರಿ, ಏನು ಕೊಟ್ಟಿರಿ, ನಾವು ಏನು ಸರಿಪಡಿಸಿಕೊಂಡೆವು, ಏನು ಬೇಡುತ್ತೇವೆ. ಬೈಗುಳ ಒಂದೂ ಇರಲಿಲ್ಲ. ಅನಂತರ ಈ ಶಾಲೆಯ ಅಧ್ಯಾಪಕರೊಬ್ಬರ ನೆರವಿನಿಂದ ಅದನ್ನು ಇಂಗ್ಲಿಷಿಗೆ ತಿರುಗಿಸಿದೆವು. ತಾಯ್ನುಡಿಯಲ್ಲಿ ಸ್ಪಷ್ಟವಾಗಿ ಯೋಚಿಸಿದ್ದು ಯಾವ ಭಾಷೆಗೆ ಹೋದರೂ ಸ್ಪಷ್ಟವಾಗಿಯೇ ಇರುತ್ತದೆಂಬುದನ್ನು ಅಂದು ಕಂಡೆವು.

ನಾಲ್ಕನೆಯದು, ದಂಡದ ಮಾತು. ಒಪ್ಪಂದದಲ್ಲಿ ಬರೆದ ದಂಡವೆಲ್ಲ ಬ್ರಹ್ಮಲಿಖಿತವಲ್ಲ. 1872ರ ಕರಾರು ಕಾಯಿದೆಯ 74ನೆಯ ಕಲಮಿನಂತೆ, ಕರಾರು ಮುರಿದಾಗ ಸಲ್ಲತಕ್ಕುದು ನ್ಯಾಯವಾದ ಪರಿಹಾರ. ಬರೆದ ಮೊತ್ತವು ಅದರ ಮೇಲಿನ ಮಿತಿ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಆದ ನಷ್ಟಕ್ಕೆ ಸ್ವಲ್ಪವೂ ಹೊಂದದ ದಂಡವನ್ನು ವಿಧಿಸುವ ಕರಾರನ್ನು ಅನ್ಯಾಯದ ಕರಾರುಗಳ ಸಾಲಿಗೆ ಸೇರಿಸಿದೆ. ಇವೆರಡನ್ನೂ ಅಪೀಲಿನಲ್ಲಿ ವಿನಯದಿಂದ ನೆನಪಿಸಿದೆವು.

ಕೆಲವು ಮಿತ್ರರು, ಇಷ್ಟೆಲ್ಲ ಏಕೆ, ಹಣ ಹೋದರೆ ಹೋಗಲಿ ಎಂದರು. ತಿಂಗಳು ತಿಂಗಳು ಹಣ ಕಟ್ಟುವವರಾಗಿದ್ದರೆ, ಹೇಳದೆ ಕೇಳದೆ ನಿಲ್ಲಿಸಿಬಿಡಿ ಎನ್ನುತ್ತಿದ್ದರೋ ಏನೋ. ಎರಡೂ ಸರಿಯಲ್ಲ. ಸುಮ್ಮನೆ ಬಿಟ್ಟರೆ ಅನ್ಯಾಯವನ್ನು ಒಪ್ಪಿದಂತೆ. ಹೇಳದೆ ನಿಲ್ಲಿಸಿದರೆ ಕೊಟ್ಟ ಮಾತನ್ನು ನಾವೇ ಮುರಿದಂತೆ, ಮೇಲೆ ಬಾಕಿಯ ನೋಟೀಸೂ ಬರುತ್ತದೆ.

ಅಪೀಲು ಕಳುಹಿಸಿದ 31ನೆಯ ದಿನ ಉತ್ತರ ಬಂದಿತು. ನಮ್ಮ ಕೇರಿಯ ತಂತಿಯ ಮೇಲೆ ಭಾರ ಹೆಚ್ಚಾಗಿರುವುದನ್ನೂ, ಹೊಸ ತಂತಿ ಎಂದು ಬರುವುದೆಂದು ಹೇಳಲಾಗದುದನ್ನೂ ಒಪ್ಪಿಕೊಂಡು ಅವರು ಕರಾರಿನಿಂದ ನಮ್ಮನ್ನು ಬಿಡುಗಡೆ ಮಾಡಿದರು. ಉಳಿದಿದ್ದ ಆರು ತಿಂಗಳ ಹಣ 4,200 ರೂಪಾಯಿ. ಮನೆಯವರೆಗೆ ತಂತಿ ಎಳೆದು ಜೋಡಿಸಿದ ವೆಚ್ಚ ಅವರಿಗೆ ನಿಜವಾಗಿಯೂ ಆಗಿತ್ತು; ಆದ್ದರಿಂದ 1,000 ರೂಪಾಯಿಗಳನ್ನು ಕಳೆಯಲು ನಾವು ಒಪ್ಪಿದೆವು. ರೌಟರನ್ನು ಹಿಂದಿರುಗಿಸಿ ರಸೀದಿ ಪಡೆದೆವು. 3,200 ರೂಪಾಯಿ ಕೈಗೆ ಬಂದಿತು. ಹೊಸ ಸಂಪರ್ಕವನ್ನು ಈ ಸಲ ತಿಂಗಳ ಲೆಕ್ಕದಲ್ಲಿ, ನೆರೆಮನೆಯವರ ಸಂಜೆಯ ವೇಗವನ್ನು ಕೇಳಿ ತಿಳಿದು ಪಡೆದೆವು. ಕಳೆದುಹೋದ ಸಂಜೆಗಳ ಪಾಠವನ್ನು ಮಾತ್ರ ಯಾರೂ ಹಿಂದಿರುಗಿಸಲಿಲ್ಲ. ಮಗಳು ಅವನ್ನು ನಸುಕಿನಲ್ಲಿ ಎದ್ದು ಓದಿಕೊಂಡಳು.

ಒಂದು ವೇಳೆ ಅಪೀಲು ಸೋತಿದ್ದರೆ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರವಾಣಿ ಸೇವೆಯ ದೂರುಗಳನ್ನು ಅಲ್ಲಿ ಕೇಳಬಹುದೆಂದು 2022ನೆಯ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಎರಡು ವರ್ಷಗಳೊಳಗೆ ಸಲ್ಲಿಸಬೇಕು, ತೆತ್ತ ಹಣ 5 ಲಕ್ಷ ರೂಪಾಯಿಗೆ ಮೀರದಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು. ಇನ್ನೊಂದು ಮಾತನ್ನು ಗಡಿನಾಡಿನವರಾದ ನಾವು ಮರೆಯಬಾರದು. ಕುಂದುಕೊರತೆಯ ನಿವಾರಣೆಗಾಗಿ ಸರಕಾರದ ಯಾವ ಅಧಿಕಾರಿಗೇ ಆಗಲಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಖಾಸಗಿ ಕಂಪೆನಿಗೆ ಅದು ಅನ್ವಯಿಸದು, ಸರಕಾರಕ್ಕೆ ಅನ್ವಯಿಸುತ್ತದೆ. ಭಾಷೆಯ ಅಳುಕಿನಿಂದ ದೂರನ್ನು ನುಂಗಿಕೊಳ್ಳುವ ಕಾರಣವಿಲ್ಲ.

ಹೆತ್ತವರೇ, ನಿಮ್ಮ ಮನೆಯ ಕರಾರುಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ ಕೇಳಿರಿ. ಅವರಿಗೆ ಓದಿನ ಅಭ್ಯಾಸ, ನಿಮಗೆ ರಕ್ಷಣೆ. ವಿದ್ಯಾರ್ಥಿಗಳೇ, ಒಪ್ಪುವ ಮುನ್ನ ಓದಿರಿ. ದೂರುವ ಮುನ್ನ ಅಳೆಯಿರಿ. ಬಿಡುವ ಮುನ್ನ ಬರೆಯಿರಿ. ಮಾತು ಕೊಟ್ಟವರು ಇಬ್ಬರು, ಉಳಿಸಿಕೊಳ್ಳಬೇಕಾದವರೂ ಇಬ್ಬರೇ. ಆ ನೋಟುಪುಸ್ತಕ ಈಗಲೂ ನಮ್ಮ ಮನೆಯ ದಾಖಲೆಗಳ ಪೆಟ್ಟಿಗೆಯಲ್ಲಿ, ಹಳೆಯ ಗೇಣಿ ಚೀಟುಗಳ ಪಕ್ಕದಲ್ಲಿದೆ. ಅವುಗಳ ಮೇಲಿರುವುದು ನಮ್ಮ ಹಿರಿಯರ ಹೆಬ್ಬೆಟ್ಟು. ಇದರಲ್ಲಿರುವುದು ನಮ್ಮ ಮಗಳ ಅಕ್ಷರ. ಶಾಲೆಯೊಂದು ಊರಿಗೆ ಮಾಡುವ ಉಪಕಾರ ಇದೇ ಎಂದು ನಾವು ತಿಳಿದಿದ್ದೇವೆ.