ಮಂಗಳೂರಿನ ಆಶು ಮತ್ತು ಯಹೂದಿ ಸ್ತ್ರೀಯರು



ಯಹೂದಿ ಸ್ತ್ರೀಯರ ಚರಿತ್ರೆ ಹುಡುಕಲು ಬಹುದೂರ ಹೋಗಬೇಕಾಗಿಲ್ಲ, ಪುತ್ತೂರಿನಿಂದ ಮಂಗಳೂರು ಬಸ್ಸು ಹತ್ತಿದರೆ ಸಾಕು. 1132ರ ಅಕ್ಟೋಬರ್ 17ರಂದು ಅಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ತನ್ನ ದಾಸಿ ಆಶುವಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಆಕೆ ಯಹೂದಿ ಧರ್ಮ ಸೇರಿ 'ಬೆರಾಖಾ' ಎಂಬ ಹೆಸರು ಪಡೆದಳು. ನಮ್ಮ 'ಬರಕತ್' ಶಬ್ದದ ಸೋದರಿಯೇ ಅದು!

ಅವರ ಮಗಳು ಸಿತ್ ಅಲ್-ದಾರ್. 1149ರಲ್ಲಿ ತಂದೆ ಮಕ್ಕಳನ್ನು ಏಡನ್‌ಗೆ ಕರೆದೊಯ್ದ. ಅಲ್ಲಿಯ ವರ್ತಕನೊಬ್ಬ ತನ್ನ ಮಗನಿಗೆ ಹುಡುಗಿಯನ್ನು ಕೇಳಿದ, ತಂದೆ ಕೊಡಲಿಲ್ಲ. 1156ರಲ್ಲಿ ಈಜಿಪ್ಟಿನ ಫುಸ್ತಾತಿನಲ್ಲಿ ತಂದೆಯ ಸಹೋದರನ ಮಗ ಪೆರಹ್ಯಾನೊಂದಿಗೆ ಮದುವೆಯಾಯಿತು. ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯದಲ್ಲಿ ಉಳಿದ ಕಾಗದಗಳಲ್ಲಿ ಇದೆಲ್ಲ ಇದೆ. ಆದರೆ ಈ ಕಥೆಯನ್ನು ಹೇಳುವವರು ಗಂಡಸರು ಮಾತ್ರ. ತಾಯಿಯದಾಗಲಿ, ಮಗಳದಾಗಲಿ ಒಂದು ಸಾಲಿಲ್ಲ.

ಕೊಚ್ಚಿಯ ಯಹೂದಿ ಸ್ತ್ರೀಯರು ಹಾಗಾಗಲು ಬಿಡಲಿಲ್ಲ. ಮದುವೆ, ಹಬ್ಬಗಳ ಮಲಯಾಳ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟರು. 1950ರ ದಶಕದಲ್ಲಿ ಇಸ್ರೇಲಿಗೆ ಹೊರಟಾಗ ಆ ಪುಸ್ತಕಗಳೂ ಜತೆಗೆ ಹೋದವು. ಸುಳ್ಯ, ಕಡಬದ ನಮ್ಮ ಅಜ್ಜಿಯಂದಿರ ಬ್ಯಾರಿ ಹಾಡುಗಳಿಗೆ ಯಾರ ಮನೆಯಲ್ಲಿ ಅಂತಹ ಪುಸ್ತಕವಿದೆ? ಕೈ ಎತ್ತಿ ನೋಡೋಣ.

ಪೋಲೆಂಡಿನಲ್ಲಿ ಇನ್ನೊಂದು ಕೊರತೆಯಿತ್ತು. ಗಂಡುಮಕ್ಕಳಿಗೆ ಧರ್ಮವಿದ್ಯೆ, ಹೆಣ್ಣುಮಕ್ಕಳಿಗೆ ಬರೀ ಲೌಕಿಕ ಶಾಲೆ. ಸಾರಾ ಶೆನಿರರ್ ಎಂಬಾಕೆ ಬಟ್ಟೆ ಹೊಲಿದು ಬದುಕುತ್ತಿದ್ದವಳು. 1917ರಲ್ಲಿ ಕ್ರಾಕೋವ್ ನಗರದಲ್ಲಿ ಹುಡುಗಿಯರಿಗಾಗಿ ಧರ್ಮಶಾಲೆ ತೆರೆದಳು. 'ಬೈಸ್ ಯಾಕೋವ್' ಎಂಬ ಹೆಸರಿನ ಆ ಶಾಲೆಗಳು ಇಂದಿಗೂ ಅನೇಕ ದೇಶಗಳಲ್ಲಿ ನಡೆಯುತ್ತಿವೆ.