ಡಿಫಾಲ್ಟ್ ಯಾರಿಗಾಗಿ?

(ವಾರ್ಷಿಕೋತ್ಸವದ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)

ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನಿಂದ ಬಂದಿರುವ ಹಿರಿಯರೇ, ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಎಲ್ಲರಿಗೂ ಜೈ ಭೀಮ್.

ಸರ್ವರ್ ಕೆಲಸಕ್ಕೆ, ಪ್ರೋಗ್ರಾಮಿಂಗಿಗೆ ಹೋಗುವವರಿಗೆ ಕರಿ ಪರದೆಯ ಮೇಲೆ ಕೀಬೋರ್ಡಿನಿಂದಲೇ ಬರೆಯುವ ಎಡಿಟರ್ ಬೇಕಾಗ್ತದ. ನ್ಯಾನೋ, ವಿಮ್ ಎರಡೂ ಪುಕ್ಕಟೆ. ಹಳೇ ಕಂಪ್ಯೂಟರಿನಲ್ಲೂ ನಡೀತಾವ.

ನಾವು ಏನೂ ಹೇಳದಿದ್ದಾಗ ಎಡಿಟರ್ ಹೇಗೆ ನಡೆಯುತ್ತದೋ ಅದಕ್ಕೆ ಡಿಫಾಲ್ಟ್ ಅಂತಾರ. ಅಂದರೆ ನಮ್ಮ ಪರವಾಗಿ ಬೇರೆಯವರು ಮೊದಲೇ ಮಾಡಿಟ್ಟ ತೀರ್ಮಾನ. ಇದು ನಮಗ ಹೊಸದಲ್ಲ. ಕೇರಿ ಎಲ್ಲಿರಬೇಕು, ಯಾರು ಯಾವ ಕೆಲಸ ಮಾಡಬೇಕು ಅನ್ನೋದನ್ನ ನಮ್ಮನ್ನ ಕೇಳದೇ ಊರು ನಿಶ್ಚಯಿಸಿತ್ತು. ಆದ್ದರಿಂದ ಯಾವ ಡಿಫಾಲ್ಟ್ ಕಂಡರೂ ಇದು ಯಾರಿಗೆ ಅನುಕೂಲ ಅಂತ ಕೇಳಬೇಕು.

ವಿಮ್ ಜನರ ಕೈಗೆ ಬಂದದ್ದು 1991ರಲ್ಲಿ. ಹೊಸಬರಿಗೆ ಹೊಂದುವ ಸೆಟ್ಟಿಂಗುಗಳ ಕಟ್ಟು ತಾನಾಗಿ ಸಿಗತೊಡಗಿದ್ದು 2016ರ 8.0 ಆವೃತ್ತಿಯಿಂದ. ಅಲ್ಲೀತನಕ 25 ವರ್ಷ, ಗೊತ್ತಿದ್ದವರು ತಮ್ಮ ಸೆಟ್ಟಿಂಗು ತಾವೇ ಬರಕೊಂಡರು. ಹೇಳಿಕೊಡುವವರು ಇಲ್ಲದವರು ಒದ್ದಾಡಿದರು. ಈಗಲೂ ಒಂದು ಎಚ್ಚರ ಬೇಕು: ನೀವು ಸ್ವಂತ ವಿಮ್‌ಆರ್‌ಸಿ ಫೈಲು ಮಾಡಿದ ಕೂಡಲೇ ಆ ಕಟ್ಟು ತಾನಾಗಿ ಬರೋದಿಲ್ಲ. ಮೊದಲ ಸಾಲಿನಲ್ಲೇ ಅದನ್ನ ಕರೀರಿ.

ನಮ್ಮ ಹುಡುಗರಿಗೆ ಮೂರು ಸೆಟ್ಟಿಂಗು ಮುಖ್ಯ.

ಒಂದು, ಸಾಲಿನ ಸಂಖ್ಯೆ. 42ನೇ ಸಾಲಿನಲ್ಲಿ ತಪ್ಪದ ಅಂತ ಕಂಪ್ಯೂಟರ್ ಹೇಳಿದಾಗ ಬೆರಳಿಟ್ಟು ಎಣಿಸುತ್ತ ಕೂಡಬಾರದು. ವಿಮ್‌ನಲ್ಲಿ 'ಸೆಟ್ ನಂಬರ್', ನ್ಯಾನೋದಲ್ಲಿ 'ಸೆಟ್ ಲೈನ್‌ನಂಬರ್ಸ್' ಅಂತ ಬರೆದರೆ ಸಾಕು.

ಎರಡು, ಕರೆಂಟು. ವಿಮ್ 200 ಅಕ್ಷರ ಹೊಡೆದಾಗ, ಇಲ್ಲವೇ 4 ಸೆಕೆಂಡು ಕೈ ನಿಂತಾಗ, ಸ್ವಾಪ್ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟು ಹೋಗಿ ಬಂದಮೇಲೆ ಕೆಲಸವನ್ನ ಅದರಿಂದ ವಾಪಸ್ ತೆಗೀಬಹುದು. ಕಸ ಅಂತ ತಿಳಿದು ಅದನ್ನ ಬಂದ್ ಮಾಡಬ್ಯಾಡ್ರಿ.

ಮೂರು, ಯುಟಿಎಫ್-8. 1956ರ ನವೆಂಬರ್ 1ರಂದು ಗಡಿ ಬದಲಾಗಿ ನಮ್ಮ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮನಿಯೊಳಗ ಕನ್ನಡ, ಶಾಲೆಯೊಳಗ ತೆಲುಗು. ಯೂನಿಕೋಡಿನಲ್ಲಿ ಇವೆರಡೂ ಅಕ್ಕಪಕ್ಕದ ಮನೆಗಳು. ಯುಟಿಎಫ್-8 ಇಟ್ಟರೆ ಒಂದೇ ಫೈಲಿನಲ್ಲಿ ಎರಡೂ ಉಳೀತಾವ. ಕೆಲವು ಪರದೆಗಳಲ್ಲಿ ಒತ್ತಕ್ಷರ ಒಡೆದು ಕಾಣಬಹುದು. ಫೈಲಿನೊಳಗೆ ಅಕ್ಷರ ಸರಿಯಾಗೇ ಇರ್ತದ.

ಸಂಘದ ಎಲ್ಲ ಕಂಪ್ಯೂಟರಿಗೂ ಇದೇ ಸೆಟ್ಟಿಂಗು ಹಾಕೋಣ. ಯಾಕೆ ಹಾಕಿದೆವು ಅಂತ ಪ್ರತಿ ಸಾಲಿನ ಮೇಲೆ ಕನ್ನಡದಲ್ಲಿ ಬರೆದಿಡೋಣ. ನಾಳೆ ಬರುವ ಹುಡುಗಿಗೆ ಅದು ಬ್ಯಾಡ ಅನಿಸಿದರೆ ಬದಲಿಸಲಿ. ಓದಿ ಬದಲಿಸುವ ಹಕ್ಕು ಆಕೀಗದ.

ಜೈ ಭೀಮ್.